ಐದು ರಿಯಾಲ್ ಕಡಿಮೆ

ಮಸ್ಕತ್ತಿನ ರೂವಿಯಲ್ಲಿ, ಗಡಿಯಾರ ರಿಪೇರಿಯವನ ಪಕ್ಕ,
ಮುಅಜ್ಜಮ್ ಶಾಬಂದ್ರಿಯ ಹಳೇ ಕ್ಯಾಮೆರಾ ಅಂಗಡಿ.
ಭಟ್ಕಳದವನು. ಕನ್ನಡ ಕಿವಿಗೆ ಬಿದ್ದದ್ದೇ ಸ್ಟೂಲು ಎಳೆದ,
ಸುಲೈಮಾನಿ ತರಿಸಿದ, ಆಮೇಲೆ ಕೇಳಿದ:
"ಯಾತಕ್ಕೆ?"

ನಕ್ಷತ್ರಕ್ಕೆ, ಅಂದೆ.
ಅಂದು ನಾಚಿಕೆಯಾಯಿತು. ನೀರಿನ ಟ್ಯಾಂಕರಿನ ಡ್ರೈವರು
ಇಂಥ ಮಾತು ಹಗಲಲ್ಲಿ ಆಡಬಾರದು.
"ದಿನಾ ಬಳಕೆಗೂ," ಎಂದು ಸೇರಿಸಿದೆ,
ರೂಮಿನ ಹುಡುಗರು, ಶುಕ್ರವಾರದ ಬಿರಿಯಾನಿ,
ವೀಸಾಕ್ಕೆ ಬೇಕಾಗುವ ಬಿಳಿ ಗೋಡೆಯ ಮುಖ.

ಅವನು ನಗಲಿಲ್ಲ. ಮೂರನ್ನು ಸಾಲಾಗಿ ಇಟ್ಟ,
ಬಂಗುಡೆಯ ಕಿವಿರು ಎತ್ತಿ ತೋರಿಸುವವಳ ಹಾಗೆ
ಒಂದೊಂದರ ಮುಚ್ಚಳ ತೆರೆದು.
ಮೊದಲನೆಯದು ಹಗುರ, ಜೇಬಿನಲ್ಲಿ ಕೂರುತ್ತದೆ,
ಕತ್ತಲೆ ಕಂಡರೆ ಮಾತ್ರ ಚಿತ್ರ ಕಾಳು ಕಾಳು.
"ಮರಳು ಬೇಕಾದರೆ ನಿಮ್ಮ ಸಿನಾವಿನಲ್ಲೇ ಉಂಟಲ್ಲ!"
ಎರಡನೆಯದರ ಸೆನ್ಸರ್ ದೊಡ್ಡದು, ಬೆಲೆ ನನ್ನ ಎರಡು ತಿಂಗಳ ಸಂಬಳ;
ಪಕ್ಕದ ಮನೆಯ ಕೂಸಿನ ಹಾಗೆ ಎತ್ತಿಕೊಂಡು, ವಾಪಸು ಮಲಗಿಸಿದೆ.
ಮೂರನೆಯದು ನಡುವಿನದು,
ಇಪ್ಪತ್ತಾರು ಸಾವಿರ ಸಲ ಕಣ್ಣು ಮಿಟುಕಿಸಿದ್ದು,
ಹಿಡಿಯ ರಬ್ಬರು ಯಾರದೋ ಬೆವರಿಗೆ ನುಣುಪಾದದ್ದು.
"ಜೊತೆಗಿರುವ ಲೆನ್ಸೇ ಮೊದಲಿಗೆ ಸಾಕು.
ದುಡ್ಡು ಉಳಿದರೆ ಸ್ಟ್ಯಾಂಡು ತಗೊಳ್ಳಿ,
ಅಲುಗುವ ಕೈಗೆ ಎಂಥ ಲೆನ್ಸಾದರೂ ಒಂದೇ."

ಆಮೇಲೆ, ತಾನಾಗಿಯೇ, ದನಿ ತಗ್ಗಿಸಿ:
"ಒಂದು ಐಬು ಇದೆ. ನಡುವಿಗಿಂತ ತುಸು ಎಡಕ್ಕೆ, ತುಸು ಮೇಲೆ,
ಒಂದು ಪಿಕ್ಸೆಲ್ ಬಿಸಿಯಾಗಿ ಕೂತಿದೆ. ಕತ್ತಲಲ್ಲಿ ಕೆಂಪಗೆ ಕಾಣುತ್ತದೆ.
ಎಪ್ಪತ್ತು ಅಂದದ್ದು, ಅರವತ್ತೈದು ಕೊಡಿ."

ಸ್ಟ್ಯಾಂಡಿಗೆ ದುಡ್ಡು ಉಳಿಯಲಿಲ್ಲ.

*

ಆಗಸ್ಟಿನ ಕೊನೆ, ಬೆಳಗಿನ ಜಾವ, ಸಿನಾವ್ ದಾಟಿ
ಒಂಟೆ ಫಾರಮ್ಮಿನ ದಾರಿ. ಟ್ಯಾಂಕರ್ ನಿಲ್ಲಿಸಿ
ಬಾನೆಟ್ಟಿನ ಮೇಲೆ ಕ್ಯಾಮೆರಾ ಇಟ್ಟೆ.
ಎಂಜಿನ್ ಆರಿಸಿದರೂ ಒಳಗಿನ ಐದು ಸಾವಿರ ಗ್ಯಾಲನ್ ನೀರು
ಇನ್ನೂ ಪ್ರಯಾಣದಲ್ಲೇ ಇತ್ತು, ತೊನೆಯುತ್ತಾ.
ಚುಕ್ಕಿಗಳೆಲ್ಲ ಹುಳುಗಳಾಗಿ ಬಂದವು.

ನೆಲಕ್ಕಿಳಿಸಿದೆ. ಅಕ್ಕಿಚೀಲಕ್ಕೆ ಮರಳು ತುಂಬಿ ಮೇಲೆ ಕೂರಿಸಿದೆ.
ಕತ್ತಲಲ್ಲಿ ಅದಕ್ಕೆ ತಾನಾಗಿ ಕಣ್ಣು ನಿಲ್ಲದು,
ಕೈಯಿಂದಲೇ ತಿರುಗಿಸಬೇಕು,
ದಪ್ಪ ಚುಕ್ಕಿ ಸಾಸಿವೆಯಾಗುವವರೆಗೆ,
ಸಾಸಿವೆ ದಾಟಿ ಮತ್ತೆ ಊದಿಕೊಂಡರೆ ಒಂದೆಳೆ ಹಿಂದಕ್ಕೆ.
ಹದಿನೈದು ಸೆಕೆಂಡು. ಅದಕ್ಕಿಂತ ಹೆಚ್ಚಾದರೆ
ಭೂಮಿ ತಿರುಗಿದ್ದು ಗೊತ್ತಾಗಿಬಿಡುತ್ತದೆ.
ಉಸಿರು ಬಿಗಿಹಿಡಿದಿದ್ದೆ. ಕ್ಯಾಮೆರಾಕ್ಕೆ ಅದೇನೂ ಬೇಕಿರಲಿಲ್ಲ.

*

ಪೈಪು ತೊಟ್ಟಿಗೆ ಇಳಿಬಿಟ್ಟು ಕಾಯುವ ಹೊತ್ತಲ್ಲಿ
ಹಮೂದ್ ಬಿನ್ ಖಲ್ಫಾನ್‌ಗೆ ತೋರಿಸಿದೆ.
ಅವನು ಹುಡುಗನಾಗಿದ್ದಾಗ ಊರಿನ ಫಲಜ್ ಕಾಲುವೆಗೆ
ರಾತ್ರಿಯ ಲೆಕ್ಕ ನಕ್ಷತ್ರದ್ದಂತೆ:
ಇಂಥ ಚುಕ್ಕಿ ಗೋಡೆ ಏರಿದರೆ ನೀರು ಇವರ ಖರ್ಜೂರಕ್ಕೆ,
ಮುಂದಿನದು ಏರಿದರೆ ಅವರದಕ್ಕೆ.
ಪುಟ್ಟ ಪರದೆಯ ಮೇಲೆ ಉಗುರಿಟ್ಟ: "ಸುಹೈಲ್.
ಇದು ಬಂತೆಂದರೆ ಸೆಕೆಯ ಸೊಕ್ಕು ಮುರಿಯಿತು."
ನಮ್ಮಲ್ಲಿ ಇವನು ಅಗಸ್ತ್ಯ, ಸಮುದ್ರ ಕುಡಿದವನು,
ಅಂದೆ ನನ್ನ ಹರಕು ಅರಬಿಯಲ್ಲಿ.
ಅವನು ಟ್ಯಾಂಕರನ್ನೊಮ್ಮೆ ನೋಡಿ ಕೆಮ್ಮು ಬರುವಷ್ಟು ನಕ್ಕ.
ಸಮುದ್ರ ಸೋಸಿ ತಂದ ನೀರು ತೊಟ್ಟಿಗೆ ಬೀಳುತ್ತಲೇ ಇತ್ತು.

ಆಮೇಲೆ ಉಗುರು ತುಸು ಎಡಕ್ಕೆ ಸರಿದು ನಿಂತಿತು.
ಕೆಂಪು. ಒಂದೇ.
ತಲೆಯೆತ್ತಿ ಹುಡುಕಿದ; ಅಷ್ಟರಲ್ಲಿ ಬೆಳಕು ಹರಿದಿತ್ತು.
"ಇದರ ಪರಿಚಯ ನನಗಿಲ್ಲ," ಅಂದ ಎಪ್ಪತ್ತರ ಮುದುಕ,
ತಪ್ಪು ತನ್ನದೇ ಎಂಬಂತೆ.
ಹೇಳಬಹುದಿತ್ತು. ಅಷ್ಟು ಅರಬಿ ನನಗೆ ಬರುತ್ತದೆ.

*

ಗಂಗೊಳ್ಳಿಯ ದಯಾನಂದ ಖಾರ್ವಿಗೆ ಮದುವೆಯ ಮಾತುಕತೆ.
ರೂಮಿನ ಟ್ಯೂಬ್‌ಲೈಟು ಹೋಗಿತ್ತು,
ಬಚ್ಚಲಿನ ಬಲ್ಬಿನ ಬೆಳಕಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ
ಒಂದು ಸೆಕೆಂಡು ಕಲ್ಲಿನ ಹಾಗೆ ಕೂತ.
ಚೆನ್ನಾಗಿಯೇ ಬಂತು. ರಾತ್ರಿಯೇ ಕಳಿಸಿದೆವು.

ಹೆಣ್ಣಿನ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ:
ಹುಡುಗ ಕಿವಿಗೆ ಕೆಂಪು ಹರಳು ಹಾಕುತ್ತಾನಾ?

ದಯಾನಂದ ಕಿವಿ ಮುಟ್ಟಿ ನೋಡಿಕೊಂಡ.